ಕ್ಷಣಗಳನ್ನಳೆಯುವ ಕೈಗಡಿಯಾರ

ಮುಂಗಾರಿನ ಒಂದು ಸಂಜೆ ಕೆಂಚನಗುಡ್ಡದ ಬಳಿ ತುಂಗಭದ್ರೆಯ ದಡದಲ್ಲಿ ನಿಂತಿದ್ದೇವೆಂದು ಭಾವಿಸೋಣ. ಹೊಳೆಯಾಚೆ ರಾಯಚೂರು ಸೀಮೆಯ ಬಾನಿನಲ್ಲಿ ಮಿಂಚುತ್ತದೆ. ತುಸು ತಡೆದು ಗುಡುಗು ಕೇಳಿಸುತ್ತದೆ. ಸಿಡಿಲು ಎಷ್ಟು ದೂರದಲ್ಲಿದೆ? ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿದೊಡನೆ ಗುಂಡಿಯನ್ನೊತ್ತಿ, ಗುಡುಗಿದೊಡನೆ ಮತ್ತೆ ಒತ್ತಿದರೆ ಆ ದೂರವನ್ನು ಡಯಲಿನ ಮೇಲೆಯೇ ತೋರಿಸುವ ಕೈಗಡಿಯಾರಗಳುಂಟು. ಇವು ಕ್ರೋನೋಗ್ರಾಫ್ ಎಂಬ ಜಾತಿಗೆ ಸೇರಿದವು.

ಗ್ರೀಕ್ ಮೂಲದ ಈ ಮಾತಿಗೆ 'ಕಾಲವನ್ನು ಬರೆಯುವುದು' ಎಂದರ್ಥ. 1821ರಲ್ಲಿ ಫ್ರಾನ್ಸಿನ ನಿಕೊಲಾ ರಿಯುಸೆಕ್ ಕುದುರೆ ಪಂದ್ಯಕ್ಕಾಗಿ ರಚಿಸಿದ ಯಂತ್ರವು ಡಯಲಿನ ಮೇಲೆ ಮಸಿಯ ಚುಕ್ಕೆಯನ್ನಿಡುತ್ತಿತ್ತು. ಮುಂದೆ ಮಸಿ ಹೋಯಿತು, ಹೆಸರು ಉಳಿಯಿತು. ಇದರ ಒಳಗಿನ ಜಾಣ್ಮೆ ಗಮನಾರ್ಹವಾದುದು. ಉದ್ದನೆಯ ಸೆಕೆಂಡಿನ ಮುಳ್ಳಿಗೆ ಹೃದಯದಾಕಾರದ ಒಂದು ಬಿಲ್ಲೆ ಜೋಡಿಸಿರುತ್ತದೆ. ಗುಂಡಿಯನ್ನೊತ್ತಿದಾಗ ಚಿಕ್ಕ ಸುತ್ತಿಗೆಯೊಂದು ಬಿಲ್ಲೆಯ ಅಂಚಿಗೆ ಬಡಿಯುತ್ತದೆ. ಮುಳ್ಳು ಎಲ್ಲಿಯೇ ಇರಲಿ, ಬಿಲ್ಲೆಯು ತಿರುಗಿ ತನ್ನ ತಗ್ಗಿನಲ್ಲಿ ನಿಲ್ಲುವುದರಿಂದ ಅದು ಸೊನ್ನೆಗೇ ಮರಳುತ್ತದೆ. ಇಷ್ಟಾದರೂ ವೇಳೆ ತೋರಿಸುವ ಮುಳ್ಳುಗಳು ನಿಲ್ಲುವುದಿಲ್ಲ.

1969ನೆಯ ವರ್ಷ ಈ ಗಡಿಯಾರಗಳಿಗೆ ಏಳಿಗೆಯನ್ನೂ ಇಳಿತವನ್ನೂ ಒಟ್ಟಿಗೆ ತಂದಿತು. ತಾವೇ ಕೀಲಿ ತುಂಬಿಕೊಳ್ಳುವ ಕ್ರೋನೋಗ್ರಾಫುಗಳು ಬಂದುದು ಆಗಲೇ. ಚಂದ್ರನ ಮೇಲೆ ಆಲ್ಡ್ರಿನ್ ಕಟ್ಟಿಕೊಂಡಿದ್ದುದು ಕೈಯಿಂದ ಕೀಲಿ ಕೊಡುವ ಒಮೆಗಾ ಸ್ಪೀಡ್‌ಮಾಸ್ಟರ್. ಅದೇ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಹೊರತಂದಿತು. ಮುಂದಿನ ದಶಕದಲ್ಲಿ ಕೀಲಿಯ ಗಡಿಯಾರಗಳ ಬೇಡಿಕೆ ಕುಸಿಯಿತು. ಅಂದು ಮೂಲೆಗೆ ಬಿದ್ದವನ್ನೇ ಇಂದು ಸಂಗ್ರಾಹಕರು ಹುಡುಕುತ್ತಿದ್ದಾರೆ. ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು.

ಆದರೆ ಸಂಗ್ರಾಹಕನು ಮೊದಲು ನೋಡುವುದು ಹೊಳಪನ್ನಲ್ಲ. ಡಯಲು, ಮುಳ್ಳು, ಗುಂಡಿ, ಒಳಯಂತ್ರ ಎಲ್ಲವೂ ಮೂಲದವೇ ಎಂಬುದನ್ನು. ಈ ಪಾಠವನ್ನು ನಾನು ಕಲಿತದ್ದು ಕ್ರೋನೋಗ್ರಾಫಿನಿಂದಲ್ಲ, ನಮ್ಮಜ್ಜನ ಎಚ್.ಎಂ.ಟಿ. ಜನತಾದಿಂದ. ಬೆಂಗಳೂರಿನಲ್ಲಿ 1961ರಲ್ಲಿ ಆರಂಭವಾದ ಆ ಗಡಿಯಾರ ಉದ್ಯಮವನ್ನು ಮುಚ್ಚಲು 2016ರಲ್ಲಿ ಸರಕಾರ ತೀರ್ಮಾನಿಸಿತು. ಅಲ್ಲಿನ ಗಡಿಯಾರಗಳು ಇನ್ನು ಹುಟ್ಟಲಾರವೆಂದು ನಮ್ಮ ಸೋದರಮಾವನವರು ಅಜ್ಜನದನ್ನು ಪೆಟ್ಟಿಗೆಯಿಂದ ತೆಗೆದು, ಹಳದಿಗಟ್ಟಿದ್ದ ಡಯಲಿಗೆ ಹೊಸ ಬಣ್ಣ ಹಾಕಿಸಿ ತಂದರು. ಅದು ಥಳಥಳಿಸುತ್ತಿತ್ತು. ಅಜ್ಜಿ ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದು ನಿಮ್ಮಪ್ಪಂದಲ್ಲಪ್ಪಾ" ಎಂದು ಹಿಂದಿರುಗಿಸಿದಳು.

ಎಣ್ಣೆ ಒಣಗಿದರೆ ಬಲ್ಲವರಿಂದ ಬಿಚ್ಚಿಸಿ ಶುಚಿಮಾಡಿಸಬಹುದು, ಸವೆದ ಚಕ್ರವನ್ನು ಬದಲಿಸಬಹುದು. ಅಳಿಸಿಹೋದ ಮೂಲ ಡಯಲನ್ನು ಮಾತ್ರ ಯಾರೂ ಮರಳಿ ತರಲಾರರು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥದೊಂದು ಗಡಿಯಾರವಿದ್ದರೆ ಅದಕ್ಕೆ ಕೀಲಿ ಕೊಡಿಸಿ. ಅದರ ವಯಸ್ಸನ್ನು ಮಾತ್ರ ಅಳಿಸಬೇಡಿ.