ಕಪ್ಪು ಪರದೆಯಿಂದ ಫರ್ಮ್‌ವೇರ್‌ಗೆ: ನೋಡಲು ಭಯ ಬೇಡ, ತಿದ್ದಲು ಆತುರ ಬೇಡ

ಬೆಂಗಳೂರು: ‘ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ’. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಆ ಬಳಿಕ ಹಳೆಯ ಗಣಕವನ್ನು ಮೇಲ್ದರ್ಜೆಗೆ ಏರಿಸಲು ಹೊರಟ ಅನೇಕರಿಗೆ ಎದುರಾದ ಸಂದೇಶವಿದು. ಇದನ್ನು ಕಂಡೊಡನೆ ಕೆಲವರು ಹೊಸ ಯಂತ್ರ ಕೊಂಡರು. ಮತ್ತೆ ಕೆಲವರು ದುರಸ್ತಿ ಅಂಗಡಿಯ ಮೆಟ್ಟಿಲು ಹತ್ತಿದರು. ಆದರೆ ಎಲ್ಲ ಸಂದರ್ಭದಲ್ಲೂ ಯಂತ್ರ ಅನರ್ಹವಾಗಿರುವುದಿಲ್ಲ. ಅದರಲ್ಲೂ ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿಕೊಂಡ ‘ಅಸೆಂಬಲ್ಡ್’ ಡೆಸ್ಕ್‌ಟಾಪ್‌ಗಳಲ್ಲಿ, ಬೇಕಾದ ಸೌಲಭ್ಯ ಮದರ್‌ಬೋರ್ಡಿನಲ್ಲಿ ಇದ್ದೇ ಇರುತ್ತದೆ. ಅದನ್ನು ಚಾಲೂ ಮಾಡಿರುವುದಿಲ್ಲ, ಅಷ್ಟೆ!

ಈ ಚಾಲೂ-ಬಂದ್ ಲೆಕ್ಕವನ್ನು ಇಟ್ಟುಕೊಳ್ಳುವುದೇ ಫರ್ಮ್‌ವೇರ್. ಅದರ ಸೆಟ್ಟಿಂಗ್‌ಗಳನ್ನು ನೋಡಬೇಕಾದರೆ ಗಣಕ ಆರಂಭವಾಗುವ ಕ್ಷಣದಲ್ಲಿ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ನೀಲಿ ಪರದೆಗೆ ಹೋಗಬೇಕು ಎಂಬುದು ಬಹುತೇಕರ ತಿಳಿವಳಿಕೆ. ಅದು ನಿಜ. ಆದರೆ ಅದೊಂದೇ ದಾರಿಯಲ್ಲ. ವಿಂಡೋಸ್ ಅಥವಾ ಲಿನಕ್ಸ್ ನಡೆಯುತ್ತಿರುವಾಗಲೇ ಕಮಾಂಡ್ ಲೈನ್‌ನ ಕಪ್ಪು ಪರದೆಯಿಂದ ಈ ವಿವರಗಳಲ್ಲಿ ಅನೇಕವನ್ನು ಓದಬಹುದು, ಕೆಲವನ್ನು ತಿದ್ದಲೂಬಹುದು. ಓದುವುದರಿಂದ ಅಪಾಯವಿಲ್ಲ. ತಿದ್ದುವುದರಲ್ಲಿ ಮಾತ್ರ ಎಚ್ಚರ ಬೇಕು. ಏಕೆಂದರೆ ಇಲ್ಲಿ ಆದ ತಪ್ಪು ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ ಅಳಿಯುವುದಿಲ್ಲ.

(ಓದುಗರ ಗಮನಕ್ಕೆ: ಕೆಳಗಿನ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಡಲಾಗಿದೆ. ಗಣಕದಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.)

ಎಲ್ಲಿರುತ್ತದೆ ಈ ಫರ್ಮ್‌ವೇರ್?

ಗಣಕದ ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿರುವ ತಂತ್ರಾಂಶ ಮೊದಲು ಏಳುತ್ತದೆ. ಮೆಮೊರಿ ಇದೆಯೇ, ಡಿಸ್ಕ್ ಇದೆಯೇ, ಕೀಲಿಮಣೆ ಇದೆಯೇ ಎಂದು ಪರೀಕ್ಷಿಸುತ್ತದೆ. ಬಳಿಕ ಯಾವ ಡಿಸ್ಕ್‌ನಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸಬೇಕೆಂದು ನಿರ್ಧರಿಸಿ, ಯಜಮಾನಿಕೆಯನ್ನು ಅದಕ್ಕೆ ಒಪ್ಪಿಸುತ್ತದೆ. ಇದೇ ಫರ್ಮ್‌ವೇರ್. 1981ರ ಐಬಿಎಂ ಪಿಸಿಯ ಕಾಲದಿಂದ ಇದನ್ನು ‘ಬಯಾಸ್’ ಎಂದು ಕರೆಯುವುದು ರೂಢಿ. ಇಂಟೆಲ್ ಸಂಸ್ಥೆ ತನ್ನ ಇಟಾನಿಯಂ ಯಂತ್ರಗಳಿಗಾಗಿ ರೂಪಿಸಿದ ‘ಇಎಫ್‌ಐ’ ಎಂಬ ಹೊಸ ವಿನ್ಯಾಸವು 2005ರಲ್ಲಿ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ‘ಯುಇಎಫ್‌ಐ’ ಎನಿಸಿಕೊಂಡಿತು. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಅದೇ. ಆದರೂ ಅಂಗಡಿಯವರ ಬಾಯಲ್ಲಿ ಮಾತ್ರ ಅದು ಇನ್ನೂ ‘ಬಯಾಸ್’.

ಈ ಎರಡರ ನಡುವಿನ ವ್ಯತ್ಯಾಸವೇ ನಮ್ಮ ವಿಷಯದ ತಿರುಳು. ಹಳೆಯ ಬಯಾಸ್‌ನ ಸೆಟ್ಟಿಂಗ್‌ಗಳು ಇದ್ದದ್ದು ‘ಸಿಮಾಸ್’ ಎಂಬ ಕಿರುಸ್ಮೃತಿಯಲ್ಲಿ. 1984ರ ಐಬಿಎಂ ಪಿಸಿ ಎಟಿ ಯಂತ್ರದಲ್ಲಿ ಅದರ ಒಟ್ಟು ಗಾತ್ರ ಬರೀ 64 ಬೈಟ್. ಅದರಲ್ಲೂ 14 ಬೈಟ್ ಗಡಿಯಾರದ ಪಾಲು. ಅದಕ್ಕೆ ಜೀವ ಒಂದು ಪುಟ್ಟ ಬ್ಯಾಟರಿ. ಬ್ಯಾಟರಿ ತೆಗೆದರೆ ಸೆಟ್ಟಿಂಗ್ ಮಾಯ, ಯಂತ್ರ ಮತ್ತೆ ಹಸುಗೂಸು! ಯುಇಎಫ್‌ಐ ತನ್ನ ಸೆಟ್ಟಿಂಗ್‌ಗಳನ್ನು ‘ವೇರಿಯಬಲ್’ಗಳೆಂಬ ಹೆಸರುಳ್ಳ ಕಿರುಕಡತಗಳಂತೆ ವಿದ್ಯುತ್ ಇಲ್ಲದೆಯೂ ಉಳಿಯುವ ಫ್ಲ್ಯಾಶ್ ಚಿಪ್‌ನಲ್ಲಿ ಇಡುತ್ತದೆ. ಆದ್ದರಿಂದ ಬ್ಯಾಟರಿ ತೆಗೆದು ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಹಳೆಯ ನಂಬಿಕೆ ಇಲ್ಲಿ ಸದಾ ಫಲಿಸದು.

ಡಾಸ್ ಕಾಲದ ಹಿಂಬಾಗಿಲು

ಕಪ್ಪು ಪರದೆಯಿಂದ ಫರ್ಮ್‌ವೇರ್ ಮುಟ್ಟುವುದು ಹೊಸ ವಿದ್ಯೆಯೇನಲ್ಲ. ಡಾಸ್‌ನೊಂದಿಗೆ ಬರುತ್ತಿದ್ದ ‘ಡೀಬಗ್’ ಎಂಬ ಸಣ್ಣ ತಂತ್ರಾಂಶ ಹಿಂದಿನ ದುರಸ್ತಿಗಾರರಿಗೆ ಚಿರಪರಿಚಿತ. ಸಿಮಾಸ್ ಸ್ಮೃತಿಗೆ ಹೋಗುವ ಬಾಗಿಲುಗಳ ಸಂಖ್ಯೆ 70 ಮತ್ತು 71. ಮೊದಲನೆಯದಕ್ಕೆ ಎಷ್ಟನೆಯ ಬೈಟ್ ಎಂದು ಹೇಳಿ, ಎರಡನೆಯದಕ್ಕೆ ಏನಾದರೊಂದು ತಪ್ಪು ಅಂಕಿ ತುರುಕಿದರೆ ಸಾಕು. ಮುಂದಿನ ಬಾರಿ ಗಣಕ ಏಳುವಾಗ ಒಟ್ಟು ಲೆಕ್ಕ ತಾಳೆಯಾಗದೆ, ಎಲ್ಲ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳುತ್ತಿತ್ತು. ಮರೆತುಹೋದ ಬಯಾಸ್ ಪಾಸ್‌ವರ್ಡ್ ಕೂಡ ಅನೇಕ ಯಂತ್ರಗಳಲ್ಲಿ ಅದರ ಜತೆಗೇ ಅಳಿದು ಹೋಗುತ್ತಿತ್ತು.

ಆದರೆ ಮನೆಯೊಡೆಯನಿಗೆ ಸಿಕ್ಕ ಹಿಂಬಾಗಿಲು ಕಳ್ಳನಿಗೂ ಸಿಗುತ್ತದಲ್ಲವೇ? 1999ರ ಏಪ್ರಿಲ್ 26ರಂದು ‘ಚೆರ್ನೋಬಿಲ್’ ಎಂದೇ ಹೆಸರಾದ ಸಿಐಎಚ್ ವೈರಸ್ ಜಗತ್ತಿನ ಅಸಂಖ್ಯ ಗಣಕಗಳನ್ನು ಕೆಡಿಸಿತು. ಅದು ಹಾರ್ಡ್‌ಡಿಸ್ಕ್‌ನ ಆರಂಭದ ಭಾಗವನ್ನು ಅಳಿಸಿದ್ದಲ್ಲದೆ, ಕೆಲವು ಮದರ್‌ಬೋರ್ಡ್‌ಗಳಲ್ಲಿ ಬಯಾಸ್ ಚಿಪ್‌ನ ಮೇಲೆಯೇ ಕಸ ಬರೆಯಿತು. ಅಂಥ ಯಂತ್ರಗಳು ಮತ್ತೆ ಏಳಬೇಕಾದರೆ ಚಿಪ್ ಬದಲಿಸಬೇಕಾಯಿತು. ತಂತ್ರಾಂಶವೊಂದು ಯಂತ್ರಾಂಶವನ್ನೇ ಕೊಲ್ಲಬಲ್ಲದು ಎಂಬ ಪಾಠವನ್ನು ಜನಸಾಮಾನ್ಯರು ಕಲಿತದ್ದು ಅಂದು.

ಮೊದಲು ನೋಡಿ

ಈಗ ನಿಮ್ಮದೇ ಗಣಕಕ್ಕೆ ಬನ್ನಿ. ವಿಂಡೋಸ್‌ನಲ್ಲಿ ‘ಪವರ್‌ಶೆಲ್’ ಎಂಬುದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ತೆರೆಯಿರಿ. ‘ಗೆಟ್-ಟಿಪಿಎಂ’ ಎಂದು ಟೈಪ್ ಮಾಡಿದರೆ, ವಿಂಡೋಸ್ 11 ಬೇಡುವ ‘ಟಿಪಿಎಂ’ ಎಂಬ ಭದ್ರತಾ ಘಟಕ ನಿಮ್ಮ ಯಂತ್ರದಲ್ಲಿ ಇದೆಯೇ, ಸಿದ್ಧವಾಗಿದೆಯೇ ಎಂಬುದು ತಿಳಿಯುತ್ತದೆ. ‘ಕನ್ಫರ್ಮ್-ಸೆಕ್ಯೂರ್‌ಬೂಟ್‌ಯುಇಎಫ್‌ಐ’ ಎಂದರೆ ‘ಟ್ರೂ’ ಅಥವಾ ‘ಫಾಲ್ಸ್’ ಎಂಬ ಉತ್ತರ ಬರುತ್ತದೆ. ಟ್ರೂ ಎಂದರೆ, ಅಧಿಕೃತ ಸಹಿಯಿಲ್ಲದ ತಂತ್ರಾಂಶ ಆರಂಭದ ಹಂತದಲ್ಲಿ ನುಸುಳದಂತೆ ಕಾಯುವ ‘ಸೆಕ್ಯೂರ್ ಬೂಟ್’ ಚಾಲೂ ಇದೆ ಎಂದರ್ಥ. ಈ ಆದೇಶಕ್ಕೆ ಬೆಂಬಲವಿಲ್ಲ ಎಂಬ ದೋಷಸಂದೇಶ ಬಂದರೆ, ಗಣಕ ಹಳೆಯ ಬಯಾಸ್ ಪದ್ಧತಿಯಲ್ಲೇ ನಡೆಯುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ‘ಬಿಸಿಡಿಎಡಿಟ್ /ಇನಮ್ ಫರ್ಮ್‌ವೇರ್’ ಎಂಬ ಆದೇಶ, ಯಾವ ಡಿಸ್ಕ್ ಮೊದಲು ಏಳಬೇಕು ಎಂಬ ಸರದಿಯನ್ನು ಫರ್ಮ್‌ವೇರ್ ಹೇಗೆ ಬರೆದಿಟ್ಟುಕೊಂಡಿದೆ ಎಂದು ತೋರಿಸುತ್ತದೆ.

ಲಿನಕ್ಸ್ ಬಳಸುವವರಿಗೆ ಇನ್ನೂ ಸಲೀಸು. ‘ಡಿಎಂಐಡಿಕೋಡ್ -ಟಿ ಬಯಾಸ್’ ಎಂದರೆ ಫರ್ಮ್‌ವೇರ್ ತಯಾರಕರ ಹೆಸರು, ಆವೃತ್ತಿ, ದಿನಾಂಕ ಕಣ್ಣೆದುರು. ‘ಇಎಫ್‌ಐಬೂಟ್‌ಎಂಜಿಆರ್’ ಎಂದರೆ ಬೂಟ್ ಸರದಿ. ಯುಇಎಫ್‌ಐ ವೇರಿಯಬಲ್‌ಗಳನ್ನೆಲ್ಲ ಲಿನಕ್ಸ್ ಒಂದು ಕಡತಕೋಶದ ರೂಪದಲ್ಲೇ ತೆರೆದಿಡುತ್ತದೆ. ಈ ಸೌಲಭ್ಯವೇ ಮುಂದೆ ಒಂದು ಎಡವಟ್ಟಿಗೂ ಕಾರಣವಾಯಿತು. ಆ ಕಥೆ ಮುಂದಿದೆ.

ತಿದ್ದಲು ಮೂರು ದಾರಿ

ಮೊದಲನೆಯದು ಅತ್ಯಂತ ಸುರಕ್ಷಿತ. ಕಮಾಂಡ್ ಲೈನ್ ಇಲ್ಲಿ ಕೇವಲ ಬಾಗಿಲವರೆಗೆ ಕರೆದೊಯ್ಯುತ್ತದೆ. ವಿಂಡೋಸ್‌ನಲ್ಲಿ ‘ಶಟ್‌ಡೌನ್ /ಆರ್ /ಎಫ್‌ಡಬ್ಲ್ಯು /ಟಿ 0’, ಲಿನಕ್ಸ್‌ನಲ್ಲಿ ‘ಸಿಸ್ಟಂಸಿಟಿಎಲ್ ರೀಬೂಟ್ --ಫರ್ಮ್‌ವೇರ್-ಸೆಟಪ್’ ಎಂದರೆ ಯುಇಎಫ್‌ಐ ಗಣಕವು ಮರುಪ್ರಾರಂಭವಾಗಿ ನೇರವಾಗಿ ಸೆಟಪ್ ಪರದೆಯಲ್ಲಿ ನಿಲ್ಲುತ್ತದೆ. ಎಫ್2 ಒತ್ತಬೇಕೋ, ಎಫ್10 ಒತ್ತಬೇಕೋ ಎಂಬ ಪರದಾಟ ತಪ್ಪುತ್ತದೆ. ಟಿಪಿಎಂ ಚಾಲೂ ಮಾಡಬೇಕಾದ ಅಸೆಂಬಲ್ಡ್ ಡೆಸ್ಕ್‌ಟಾಪ್‌ನ ಒಡೆಯರಿಗೆ ಈ ದಾರಿ ಸಾಕು. ಇಂಟೆಲ್ ಯಂತ್ರಗಳಲ್ಲಿ ‘ಪಿಟಿಟಿ’, ಎಎಂಡಿ ಯಂತ್ರಗಳಲ್ಲಿ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲಿ ಆ ಆಯ್ಕೆ ಅಡಗಿರುತ್ತದೆ. ಆದರೆ ಪ್ರಾಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು ಎಂಬುದನ್ನು ಮರೆಯುವಂತಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಟಿಪಿಎಂ ಚಾಲೂ ಮಾಡಿದರೂ ಅದೇ ಸಂದೇಶ ಮರಳುತ್ತದೆ.

ಎರಡನೆಯ ದಾರಿ ಬೂಟ್ ಸರದಿಯ ಬದಲಾವಣೆ. ಲಿನಕ್ಸ್‌ನ ಇಎಫ್‌ಐಬೂಟ್‌ಎಂಜಿಆರ್‌ಗೆ ‘-ಓ’ ಎಂದು ಸಣ್ಣಕ್ಷರದಲ್ಲಿ ಸೇರಿಸಿ ಸಂಖ್ಯೆಗಳನ್ನು ಕೊಟ್ಟರೆ ಸರದಿ ಶಾಶ್ವತವಾಗಿ ಬದಲಾಗುತ್ತದೆ. ‘-ಎನ್’ ಎಂದು ಕೊಟ್ಟರೆ ಮುಂದಿನ ಒಂದು ಬಾರಿಗೆ ಮಾತ್ರ. ಹೊಸ ವ್ಯವಸ್ಥೆ ಏಳುತ್ತದೆಯೋ ಇಲ್ಲವೋ ಎಂಬ ಅನುಮಾನ ಇದ್ದಾಗ ಈ ಎರಡನೆಯದೇ ಲೇಸು. ಏಳದಿದ್ದರೆ ಅದರ ಮುಂದಿನ ಬಾರಿ ಗಣಕ ತಾನಾಗಿಯೇ ಹಳೆಯ ಸರದಿಗೆ ಮರಳುತ್ತದೆ.

ಮೂರನೆಯದು ತಯಾರಕರೇ ಕೊಡುವ ಸಲಕರಣೆ. ಡೆಲ್‌ನ ‘ಸಿಸಿಟಿಕೆ’, ಎಚ್‌ಪಿಯ ‘ಬಯಾಸ್ ಕಾನ್ಫಿಗರೇಷನ್ ಯುಟಿಲಿಟಿ’ ಇಂಥವು. ಎಚ್‌ಪಿಯದು ಇರುವ ಸೆಟ್ಟಿಂಗ್‌ಗಳನ್ನೆಲ್ಲ ಒಂದು ಪಠ್ಯ ಕಡತಕ್ಕೆ ಬರೆಯುತ್ತದೆ. ಅದನ್ನು ತಿದ್ದಿ ಮರಳಿ ಕೊಟ್ಟರೆ ಯಂತ್ರ ಒಪ್ಪಿಕೊಳ್ಳುತ್ತದೆ. ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ ಪವರ್‌ಶೆಲ್‌ನಿಂದಲೇ ಈ ಕೆಲಸ ಸಾಧ್ಯ. ಲಿನಕ್ಸ್‌ನಲ್ಲಿ 2021ರಿಂದೀಚೆಗೆ ಇಂಥ ಸೆಟ್ಟಿಂಗ್‌ಗಳಿಗಾಗಿ ಒಂದು ಏಕರೂಪದ ವ್ಯವಸ್ಥೆ ಬಂದಿದೆ. ‘ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಗೆಟ್-ಬಯಾಸ್-ಸೆಟ್ಟಿಂಗ್ಸ್’ ಎಂದರೆ, ತಯಾರಕರು ಅವಕಾಶ ಕೊಟ್ಟ ಯಂತ್ರಗಳಲ್ಲಿ ಪಟ್ಟಿ ಸಿಗುತ್ತದೆ. ಕಾಲೇಜಿನ ಇನ್ನೂರು ಗಣಕಗಳಲ್ಲಿ ಯುಎಸ್‌ಬಿಯಿಂದ ಬೂಟ್ ಆಗುವುದನ್ನು ತಡೆಯಬೇಕು ಎನ್ನಿ. ಒಂದೊಂದರ ಮುಂದೆ ಕುಳಿತು ಕೀಲಿ ಒತ್ತಿದರೆ ದಿನಗಳೇ ಹಿಡಿದಾವು. ಒಂದು ಆದೇಶ ಬರೆದು ಜಾಲದ ಮೂಲಕ ಕಳುಹಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಈ ಸಲಕರಣೆಗಳು ಹುಟ್ಟಿದ್ದೇ ಇಂಥ ಅಗತ್ಯಕ್ಕಾಗಿ. ಬಿಡಿಭಾಗ ಜೋಡಿಸಿದ ಗಣಕಗಳಿಗೆ ಸಾಮಾನ್ಯವಾಗಿ ಈ ಭಾಗ್ಯವಿಲ್ಲ.

ಸತ್ತ ಲ್ಯಾಪ್‌ಟಾಪ್‌ಗಳ ಪಾಠ

2013ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಯುಇಎಫ್‌ಐ ಪದ್ಧತಿಯಲ್ಲಿ ಲಿನಕ್ಸ್ ಚಲಾಯಿಸಿದ ಬಳಿಕ ಮತ್ತೆ ಏಳಲೇ ಇಲ್ಲ. ಮೊದಲಿಗೆ ದೂರು ಬಂದದ್ದು ಲಿನಕ್ಸ್ ಮೇಲೆ. ಆದರೆ ಲಿನಕ್ಸ್ ತಜ್ಞ ಮ್ಯಾಥ್ಯೂ ಗ್ಯಾರೆಟ್, ವಿಂಡೋಸ್‌ನಿಂದಲೂ ವೇರಿಯಬಲ್‌ಗಳ ಜಾಗವನ್ನು ತುಂಬಿಸಿದರೆ ಅದೇ ಗತಿ ಒದಗುತ್ತದೆ ಎಂದು ತೋರಿಸಿಕೊಟ್ಟರು. ದೋಷ ಇದ್ದದ್ದು ಫರ್ಮ್‌ವೇರ್‌ನಲ್ಲಿ. ತನ್ನ ಉಗ್ರಾಣ ತುಂಬಿದಾಗ ಏನು ಮಾಡಬೇಕೆಂದೇ ಅದಕ್ಕೆ ತಿಳಿದಿರಲಿಲ್ಲ!

2016ರ ಜನವರಿಯಲ್ಲಿ ಇನ್ನೊಂದು ಪ್ರಕರಣ. ಲಿನಕ್ಸ್ ಬಳಕೆದಾರರೊಬ್ಬರು ಹೇಗೂ ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವವರಿದ್ದರು. ಹಾಗಾಗಿ ಬೇರಿನಿಂದ ತುದಿಯವರೆಗೆ ಎಲ್ಲ ಕಡತಗಳನ್ನು ಅಳಿಸುವ ‘ಆರ್‌ಎಂ’ ಆದೇಶ ಕೊಟ್ಟರು. ಫರ್ಮ್‌ವೇರ್ ವೇರಿಯಬಲ್‌ಗಳೂ ಕಡತಕೋಶದ ರೂಪದಲ್ಲೇ ಅಲ್ಲಿದ್ದವಲ್ಲ? ಅವೂ ಅಳಿದವು. ಎಂಎಸ್‌ಐ ಕಂಪನಿಯ ಆ ಲ್ಯಾಪ್‌ಟಾಪ್ ಮತ್ತೆ ಸೆಟಪ್ ಪರದೆಯವರೆಗೂ ಬರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 4.5ರಿಂದ ಬಹುತೇಕ ವೇರಿಯಬಲ್‌ಗಳಿಗೆ ಬೀಗ ಬಿತ್ತು. ಬೇಕೆಂದೇ ಬೀಗ ತೆಗೆಯದ ಹೊರತು ಅವು ಈಗ ಅಳಿಯವು.

ಹಾಗಾದರೆ ಈ ದಾರಿಯನ್ನು ಪೂರ್ತಿ ಮುಚ್ಚಿಬಿಡಬಾರದೇಕೆ? ಮುಚ್ಚಲಾಗದು. ಬೂಟ್ ಸರದಿ ಬರೆಯಲು ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಗೂ ಅದು ಬೇಕು. ಭದ್ರತೆಗೂ ಬೇಕು. ಸೆಕ್ಯೂರ್ ಬೂಟ್ ನಂಬಿಕೊಂಡಿರುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್ ಮತ್ತು ಅಕ್ಟೋಬರ್‌ಗೆ ನಿಗದಿಯಾದದ್ದು. ಅವುಗಳ ಜಾಗಕ್ಕೆ 2023ರ ಪ್ರಮಾಣಪತ್ರಗಳು ಫರ್ಮ್‌ವೇರ್‌ನೊಳಗೆ ಸೇರಬೇಕು. ವಿಂಡೋಸ್ ಅಪ್‌ಡೇಟ್ ಅವನ್ನು ಬರೆಯುವುದು ಇದೇ ದಾರಿಯಿಂದ.

ತಿದ್ದುವ ಮುನ್ನ

* ಬಿಟ್‌ಲಾಕರ್ ಎಂಬ ಗೂಢಲಿಪಿ ಚಾಲೂ ಇದೆಯೇ ನೋಡಿ. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಿಸಿದರೆ ಗಣಕ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಮದುವೆ ಫೋಟೊಗಳಿಂದ ಹಿಡಿದು ಕಚೇರಿಯ ಲೆಕ್ಕದವರೆಗೆ ಎಲ್ಲವೂ ಕೈತಪ್ಪಿದಂತೆ. ಮೊದಲು ಕೀ ಬರೆದಿಟ್ಟುಕೊಳ್ಳಿ. ಬಳಿಕ ‘ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಡಿಸೇಬಲ್ ಸಿ:’ ಎಂಬ ಆದೇಶದಿಂದ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ.

* ಟಿಪಿಎಂ ‘ಎನೇಬಲ್’ ಮಾಡುವುದೇ ಬೇರೆ, ‘ಕ್ಲಿಯರ್’ ಮಾಡುವುದೇ ಬೇರೆ. ಎರಡನೆಯದು ಅದರೊಳಗಿನ ಕೀಲಿಗಳನ್ನು ಅಳಿಸುತ್ತದೆ.

* ಹಳೆಯ ಬಯಾಸ್ ಪದ್ಧತಿಯಿಂದ ಯುಇಎಫ್‌ಐಗೆ ಹೋಗುವ ಮೊದಲು ಡಿಸ್ಕ್‌ನ ವಿಭಜನಾ ಕ್ರಮವನ್ನೂ ಬದಲಿಸಬೇಕು. ಅದಕ್ಕೆ ವಿಂಡೋಸ್‌ನಲ್ಲೇ ‘ಎಂಬಿಆರ್2ಜಿಪಿಟಿ’ ಇದೆ. ಅದು ಮುಗಿಯದೆ ಪದ್ಧತಿ ಬದಲಿಸಿದರೆ ವಿಂಡೋಸ್ ಏಳದು.

* ಇರುವ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೂ ಸರಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಎಡವಟ್ಟಾದರೆ ಯಾವುದರಿಂದ ಆಯಿತೆಂದು ತಿಳಿಯುತ್ತದೆ.

* ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವಾಗ, ಹಣ ಕೊಡುವ ಮುನ್ನ ಮೇಲೆ ಹೇಳಿದ ಶಟ್‌ಡೌನ್ ಆದೇಶ ಕೊಟ್ಟು ಸೆಟಪ್ ಪರದೆ ತೆರೆಸಿ. ಹಳೆಯ ಕಂಪನಿಯವರು ಹಾಕಿಟ್ಟ ಪಾಸ್‌ವರ್ಡ್ ಕೇಳಿದರೆ ಅದನ್ನು ತೆಗೆಸಿಕೊಡುವಂತೆ ಹೇಳಿ. ಕಚೇರಿ ಬಳಕೆಯ ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ತೆಗೆದರೂ ಆ ಪಾಸ್‌ವರ್ಡ್ ಹೋಗುವುದಿಲ್ಲ.

ಕಾರ್ಯಾಚರಣ ವ್ಯವಸ್ಥೆ ಕೆಟ್ಟರೆ ಮತ್ತೆ ಹಾಕಿಸಬಹುದು, ಡಿಸ್ಕ್ ಕೆಟ್ಟರೆ ಬದಲಿಸಬಹುದು. ಫರ್ಮ್‌ವೇರ್ ಅವೆರಡಕ್ಕೂ ಮೊದಲಿನದು, ಮನೆಯ ಅಡಿಪಾಯದಂತೆ. ಅಡಿಪಾಯ ಹೇಗಿದೆ ಎಂದು ಬಗ್ಗಿ ನೋಡುವ ಹಕ್ಕು ಮನೆಯವರೆಲ್ಲರಿಗೂ ಇದೆ, ನೋಡಬೇಕು ಕೂಡ. ಹಾರೆ ಹಿಡಿಯುವ ಮುನ್ನ ಮಾತ್ರ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಹಿರಿಯರ ಮಾತು ನೆನಪಿರಲಿ.