ಬೇಕೆಂದೇ ರೋಗ ಬರಿಸಿದ ಹೊಲ

ಯಾವ ರೈತನೂ ಬಯಸದಂಥ ಹೊಲವೊಂದನ್ನು ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ವಿಜ್ಞಾನಿಗಳು ಶ್ರಮಪಟ್ಟು ತಯಾರು ಮಾಡಿದ್ದಾರೆ. 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಅಲ್ಲಿದೆ. ತೊಗರಿಯ ಯಾವ ತಳಿ ನೆಟೆ ರೋಗಕ್ಕೆ ಬಗ್ಗುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ರೋಗ ತಪ್ಪದೆ ಬರುವ ನೆಲ ಬೇಕು. ಅದನ್ನು ಮಾಡುವ ಕ್ರಮ ಬಹಳ ಸರಳ. ನೆಟೆ ಬಂದು ಒಣಗಿದ ಗಿಡಗಳನ್ನು ಕಡಿದು ತುಂಡು ಮಾಡಿ ಮಣ್ಣಿಗೆ ಬೆರೆಸುವುದು, ರೋಗಕ್ಕೆ ಬೇಗ ತುತ್ತಾಗುವ ತಳಿಯನ್ನೇ ಬಿತ್ತುವುದು, ಸತ್ತ ಗಿಡಗಳನ್ನು ಮತ್ತೆ ಅಲ್ಲೇ ಬೆರೆಸುವುದು, ಮರುವರ್ಷ ಮತ್ತೆ ತೊಗರಿ. ಕೆಲವೇ ವರ್ಷಗಳಲ್ಲಿ ಆ ಹೊಲದಲ್ಲಿ ಸಾಧಾರಣ ತೊಗರಿ ಕಾಯಿ ಕಟ್ಟುವವರೆಗೆ ಉಳಿಯುವುದೇ ಅಪರೂಪವಾಗುತ್ತದೆ. ಇಂಥ ನೆಲಕ್ಕೆ ಅವರು ಇಟ್ಟ ಹೆಸರು 'ರೋಗಿಷ್ಠ ತಾಕು'.

ಗಿಡಗಳನ್ನು ಬೇಕೆಂದೇ ಕಡಿದು ಬೆರೆಸುವುದೊಂದನ್ನು ಬಿಟ್ಟರೆ, ಈ ಕ್ರಮವನ್ನು ಕಲಬುರಗಿಯ ಎಷ್ಟೋ ಎರೆ ಹೊಲಗಳಲ್ಲಿ ಯಾರೂ ಹೇಳಿಕೊಡದೆಯೇ ಪಾಲಿಸಲಾಗುತ್ತಿದೆ. ಹಿಂದೆ ಜೋಳ, ಸಜ್ಜೆ, ಹೆಸರು, ಎಳ್ಳಿನ ನಡುವೆ ಸಾಲು ಹಿಡಿಯುತ್ತಿದ್ದ ತೊಗರಿ ಈಗ ಹೊಲಕ್ಕೆ ಹೊಲವನ್ನೇ ಆವರಿಸಿಕೊಂಡು ವರ್ಷದ ಮೇಲೆ ವರ್ಷ ಅಲ್ಲೇ ನಿಲ್ಲುತ್ತದೆ.

ನೆಟೆ ರೋಗವನ್ನು ಹತ್ತಿರದಿಂದ ನೋಡಿದವರಿಗೆ ಅದು ಮಾಡುವ ಮೋಸ ಗೊತ್ತು. ಗಿಡ ಎದೆಮಟ್ಟಕ್ಕೆ ಬೆಳೆದು ಹಳದಿ ಹೂವು ತುಂಬಿಕೊಂಡು ನಿಂತಿರುತ್ತದೆ. ರೈತ ಗೊಬ್ಬರಕ್ಕೂ ಔಷಧಕ್ಕೂ ಹಾಕಬೇಕಾದ ದುಡ್ಡೆಲ್ಲ ಹಾಕಿ ಮುಗಿಸಿರುತ್ತಾನೆ. ಆ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡದ ಎಲೆ ಬಾಡತೊಡಗುತ್ತದೆ. ಮಣ್ಣಿನಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಸಿಗುತ್ತಿಲ್ಲವೇನೋ ಎಂಬಂತೆ ಕಾಣುತ್ತದೆ, ನಿಜಕ್ಕೂ ಸಿಗುತ್ತಿರುವುದಿಲ್ಲ. ಬುಡದಿಂದ ಮೇಲಕ್ಕೆ ಕಾಂಡದ ಒಂದು ಮಗ್ಗುಲಲ್ಲಿ ನೇರಳೆ ಛಾಯೆಯ ಪಟ್ಟೆ ಏರಿರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಬಿಳಿಯಾಗಿರಬೇಕಾದ ಕಟ್ಟಿಗೆಯೊಳಗೆ ಕಂದುಗಪ್ಪು ಗೆರೆಗಳು. ನೀರು ಏರುವ ನಾಳಗಳೊಳಗೆ ಶಿಲೀಂಧ್ರದ ಎಳೆಗಳು ತುಂಬಿಕೊಂಡಿವೆ. ಶತ್ರುವನ್ನು ತಡೆಯಲೆಂದು ಗಿಡ ತಾನೇ ಒಸರಿಸಿದ ಅಂಟು ಉಳಿದ ದಾರಿಯನ್ನೂ ಮುಚ್ಚಿದೆ.

ಈ ಶಿಲೀಂಧ್ರದ ಹೆಸರು ಫ್ಯುಸೇರಿಯಂ ಉಡಮ್. ಬ್ರಿಟಿಷ್ ಕಾಲದಲ್ಲಿ ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಶಿಲೀಂಧ್ರತಜ್ಞ ಇ. ಜೆ. ಬಟ್ಲರ್ 1910ರಲ್ಲಿ ಇದಕ್ಕೆ ನಾಮಕರಣ ಮಾಡಿದರು. ಗಿಡ ಸತ್ತ ಮೇಲೂ ಇದು ಸಾಯುವುದಿಲ್ಲ. ಮಣ್ಣಿನಲ್ಲಿ ಉಳಿದ ಬೇರು, ಕೂಳೆಗಳೊಳಗೆ ಸುಮಾರು ಮೂರು ವರ್ಷ ಜೀವ ಹಿಡಿದಿರಬಲ್ಲದು. ಮಣ್ಣಿನಲ್ಲಿರುವ ಬಹುಪಾಲು ಬೀಜಕಣಗಳು ಹಸಿ ಇದ್ದರೂ, ಬಿಸಿಲು ಹಿತವಾಗಿದ್ದರೂ ಮೊಳೆಯುವುದಿಲ್ಲ. ಸುತ್ತಲಿನ ಕೋಟ್ಯಂತರ ಜೀವಿಗಳು ಆಹಾರವನ್ನೆಲ್ಲ ಹೀರಿ ಮುಗಿಸಿರುವುದರಿಂದ ಅವು ಸುಮ್ಮನೆ ಬಿದ್ದಿರುತ್ತವೆ. ಯಾವುದಾದರೂ ಗಿಡದ ಬೇರು ಪಕ್ಕದಲ್ಲಿ ಹಾದುಹೋಗಿ ಸಕ್ಕರೆ, ಅಮೈನೊ ಆಮ್ಲ ಒಸರಿದಾಗ ಎಚ್ಚರಗೊಳ್ಳುತ್ತವೆ. ಆ ಬೇರು ಜೋಳದ್ದಾಗಿದ್ದರೆ ಈ ಶಿಲೀಂಧ್ರದ ಖರ್ಚು ವ್ಯರ್ಥ. ತೊಗರಿಯದಾಗಿದ್ದರೆ ಒಂದು ಕಣ ಲಕ್ಷವಾಗುತ್ತದೆ. ಪ್ರತಿ ವರ್ಷ ತೊಗರಿಯನ್ನೇ ಬಿತ್ತುವುದೆಂದರೆ ಈ ಜೂಜಿನಲ್ಲಿ ಅದೊಂದೇ ಸದಾ ಗೆಲ್ಲುವಂತೆ ಮಾಡುವುದು.

'ಒಂದೇ ಬೆಳೆ ಬೆಳೆದು ಮಣ್ಣು ಸತ್ತುಹೋಗಿದೆ' ಎಂಬ ಮಾತನ್ನು ಸಭೆಗಳಲ್ಲಿ ಬಹಳ ಕೇಳುತ್ತೇವೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಹಿಡಿ ಮಣ್ಣಿನಲ್ಲಿ ಶಿಲೀಂಧ್ರದ ಎಳೆಗಳು ಮೈಲಿಗಟ್ಟಲೆ ಇಲ್ಲದಿದ್ದರೂ ಮೀಟರುಗಟ್ಟಲೆ ಇದ್ದೇ ಇರುತ್ತವೆ. ಬದಲಾಗುವುದು ಮುಖ್ಯವಾಗಿ ಅಲ್ಲಿ ಯಾರ ಪಾಲು ಎಷ್ಟು ಎಂಬುದು. ಚೀನಾದ ಹೈನಾನ್ ದ್ವೀಪದಲ್ಲಿ ವರ್ಷಗಟ್ಟಲೆ ವೆನಿಲಾವನ್ನೇ ಬೆಳೆದ ತೋಟಗಳ ಮಣ್ಣಿನಿಂದ ಡಿಎನ್‌ಎ ತೆಗೆದು ಓದಿದಾಗ, ವರ್ಷಗಳು ಹೆಚ್ಚಿದಂತೆ ಫ್ಯುಸೇರಿಯಂ ಕುಲದ ಪಾಲೂ ಹೆಚ್ಚಿರುವುದು ಕಂಡಿತು. ಮಣ್ಣು ಖಾಲಿಯಾಗಿರಲಿಲ್ಲ. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯಂತೆ ಒಂದೇ ಬೇರಿನ ರುಚಿಗೆ ಹೊಂದಿಕೊಂಡಿತ್ತು, ಅಷ್ಟೆ.

ಸ್ನೇಹದ ಶಿಲೀಂಧ್ರಗಳ ವಿಷಯ ಇನ್ನೂ ಸ್ವಾರಸ್ಯಕರ. ಬಹುಪಾಲು ಬೆಳೆಗಳ ಬೇರಿನೊಳಗೆ ಮೈಕೊರೈಜಾ ಎಂಬ ಶಿಲೀಂಧ್ರಗಳು ಮನೆಮಾಡಿಕೊಂಡಿರುತ್ತವೆ. ಬೇರುಗೂದಲಿಗಿಂತ ತೆಳುವಾದ ತಮ್ಮ ಎಳೆಗಳನ್ನು ದೂರಕ್ಕೆ ಚಾಚಿ, ಮಣ್ಣಿನಲ್ಲಿ ಕದಲದೆ ಕೂರುವ ರಂಜಕವನ್ನು ತಂದುಕೊಟ್ಟು, ಪ್ರತಿಯಾಗಿ ಗಿಡದಿಂದ ಸಕ್ಕರೆ ಮತ್ತು ಕೊಬ್ಬು ಪಡೆಯುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳಲ್ಲೂ ಈ ಜೊತೆಗಾರಿಕೆಯ ಗುರುತಿದೆ. ಒಂದೇ ಬೆಳೆ ಮುಂದುವರಿದರೆ ಆ ಬೆಳೆಗೆ ಹೊಂದುವ ಮೈಕೊರೈಜಾ ಹೆಚ್ಚಬೇಕು, ಬೆಳೆಗೆ ಲಾಭವಾಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಮೆಕ್ಕೆಜೋಳ ಮತ್ತು ಸೋಯಾಬೀನ್ ಹೊಲಗಳನ್ನು ಅಧ್ಯಯನ ಮಾಡಿದ ನ್ಯಾನ್ಸಿ ಜಾನ್ಸನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ್ದು ಇದಕ್ಕೆ ತದ್ವಿರುದ್ಧ. ಮೆಕ್ಕೆಜೋಳವನ್ನೇ ಬೆಳೆದ ಮಣ್ಣಿನಲ್ಲಿ ಹೆಚ್ಚಿದ್ದ ಮೈಕೊರೈಜಾ ಜಾತಿಗಳು ಎಲ್ಲಿ ಜಾಸ್ತಿಯೋ ಅಲ್ಲಿ ಮೆಕ್ಕೆಜೋಳದ ಇಳುವರಿ ಕಡಿಮೆ ಇತ್ತು. ಅವೇ ಜಾತಿಗಳು ಇದ್ದಲ್ಲಿ ಸೋಯಾಬೀನ್ ಚೆನ್ನಾಗಿ ಬಂದಿತ್ತು. ಬೇರಿನಿಂದ ಚೆನ್ನಾಗಿ ತಿಂದು ಬೇಗ ಬೆಳೆಯುವ ಶಿಲೀಂಧ್ರವೇ ಮರಳಿ ಚೆನ್ನಾಗಿ ಕೊಡುವ ಶಿಲೀಂಧ್ರವೂ ಆಗಬೇಕೆಂಬ ನಿಯಮವಿಲ್ಲ. ಹೆಚ್ಚು ತೆಗೆದುಕೊಂಡು ಕಡಿಮೆ ಕೊಡುವವರೇ ವರ್ಷದಿಂದ ವರ್ಷಕ್ಕೆ ಸೇರಿಕೊಳ್ಳುತ್ತಾರೆ ಎಂದು ಅವರು ಊಹಿಸಿದರು.

ಎಲೆಕೋಸು, ಸಾಸಿವೆ, ಮೂಲಂಗಿಯ ಕುಟುಂಬ ಮೈಕೊರೈಜಾವನ್ನು ಹತ್ತಿರ ಸೇರಿಸುವುದೇ ಇಲ್ಲ. ಕೋಲಾರದ ಕಡೆ ಕೋಸಿನ ಮೇಲೆ ಕೋಸು ಬೆಳೆಯುವ ಹೊಲದಲ್ಲಿ ಈ ಶಿಲೀಂಧ್ರಗಳಿಗೆ ಅಷ್ಟು ಕಾಲವೂ ಉಪವಾಸ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಲೀಸು. ಆದರೆ ಗೋಧಿ ಅಡ್ಡ ಬರುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಜಾನ್ ಲಾಸ್ ಮತ್ತು ಜೋಸೆಫ್ ಗಿಲ್ಬರ್ಟ್ ಶುರುಮಾಡಿದ ಬ್ರಾಡ್‌ಬಾಕ್ ಪ್ರಯೋಗ ಇನ್ನೂ ನಡೆಯುತ್ತಿದೆ. ಅದರ ಕೆಲವು ತಾಕುಗಳಲ್ಲಿ, ಕಳೆ ಹತೋಟಿಗೆ ಆಗಾಗ ಪಾಳು ಬಿಟ್ಟದ್ದನ್ನು ಬಿಟ್ಟರೆ, ಗೋಧಿಯ ಮೇಲೆ ಗೋಧಿಯೇ. ಗೋಧಿಯ ಬೇರನ್ನು ಕರ್ರಗೆ ಮಾಡಿ ತೆನೆಯನ್ನು ಕಾಳಿಲ್ಲದೆ ಬಿಳಿಚಿಸುವ ಟೇಕ್-ಆಲ್ ಎಂಬ ಶಿಲೀಂಧ್ರ ರೋಗವಿದೆ. ಗೋಧಿ ಸತತವಾಗಿ ಬೆಳೆದಾಗ ಎರಡನೆಯ ವರ್ಷದಿಂದ ನಾಲ್ಕನೆಯ ವರ್ಷದೊಳಗೆ ರೋಗ ತಾರಕಕ್ಕೇರುತ್ತದೆ. ಅಲ್ಲಿಗೂ ಹಟ ಬಿಡದೆ ಗೋಧಿಯನ್ನೇ ಬಿತ್ತಿದರೆ ರೋಗ ತಾನಾಗಿ ಇಳಿಯುತ್ತದೆ!

ಇದರ ಗುಟ್ಟನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪುಲ್‌ಮನ್‌ನಲ್ಲಿ ಜೇಮ್ಸ್ ಕುಕ್, ಡೇವಿಡ್ ವೆಲ್ಲರ್ ಮುಂತಾದವರು ದಶಕಗಟ್ಟಲೆ ಬೆನ್ನುಹತ್ತಿದರು. ರೋಗ ಇಳಿದ ಹೊಲದ ಮಣ್ಣನ್ನು ರೋಗವಿರುವ ಮಣ್ಣಿಗೆ ನೂರಕ್ಕೆ ಒಂದು ಪಾಲು ಬೆರೆಸಿದರೂ ಗುಣ ಅಂಟಿಕೊಂಡಿತು. ಆ ಮಣ್ಣನ್ನು 60 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ ಬೆರೆಸಿದರೆ ಗುಣ ಮಾಯ. ಅಂದರೆ ಕೆಲಸ ಮಾಡುತ್ತಿದ್ದುದು ಯಾವುದೋ ಜೀವಿ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲವು ಬಗೆಗಳು, ಸಂಕ್ಷೇಪವಾಗಿ ಡಿಎಪಿಜಿ ಎಂದು ಕರೆಯುವ ಶಿಲೀಂಧ್ರನಾಶಕ ವಸ್ತುವನ್ನು ತಯಾರಿಸುತ್ತವೆ. ರೋಗ ತಗುಲಿದ ಬೇರಿನ ಗಾಯದಿಂದ ಒಸರುವ ರಸವೇ ಅವುಗಳ ಆಹಾರ. ರೋಗ ಹೆಚ್ಚಿದಷ್ಟೂ ಗಾಯ ಹೆಚ್ಚು, ಗಾಯ ಹೆಚ್ಚಿದಷ್ಟೂ ಕಾವಲಿನವರು ಹೆಚ್ಚು. ಒಂದು ಗ್ರಾಂ ಬೇರಿನ ಮೇಲೆ ಅವುಗಳ ಸಂಖ್ಯೆ ಒಂದು ಲಕ್ಷ ದಾಟಿದ ಮೇಲೆ ರೋಗ ತಲೆ ಎತ್ತದು. ನಡುವೆ ಬೇರೆ ಬೆಳೆ ಬಿತ್ತಿ ಮತ್ತೆ ಗೋಧಿಗೆ ಮರಳಿದರೆ ಈ ಕಾವಲು ಸಡಿಲಗೊಳ್ಳಬಹುದು.

ಹಾಗಾದರೆ ತೊಗರಿಯವರೂ ಹಟ ಹಿಡಿದು ಕಾಯಬಹುದೇ? ಬೇಡ ಎಂದೇ ಹೇಳುತ್ತೇನೆ. ಪಟಾನ್‌ಚೆರುವಿನ ತಾಕು ವರ್ಷಗಟ್ಟಲೆ ರೋಗಿಷ್ಠವಾಗಿ ಉಳಿಯುತ್ತದೆ ಎಂಬ ಭರವಸೆಯ ಮೇಲೆಯೇ ಅಲ್ಲಿನ ತಳಿ ಪರೀಕ್ಷೆ ನಿಂತಿದೆ. ಟೇಕ್-ಆಲ್ ಶಿಲೀಂಧ್ರ ಬೇರಿನ ಹೊರಮೈಯಲ್ಲಿ ಓಡಾಡುತ್ತ ಬ್ಯಾಕ್ಟೀರಿಯಾದ ಕೈಗೆ ಸಿಗುತ್ತದೆ. ಫ್ಯುಸೇರಿಯಂ ನಾಳದೊಳಗೆ ಹೊಕ್ಕು ಕೂರುತ್ತದೆ. ನಂಜನಗೂಡಿನ ರಸಬಾಳೆ ತೋಟಗಳನ್ನು ಪನಾಮಾ ಸೊರಗು ರೋಗದಿಂದ ಬಡವಾಗಿಸಿದ್ದೂ ಇದೇ ಕುಲದ ಇನ್ನೊಂದು ಶಿಲೀಂಧ್ರ. ದಪ್ಪ ಗೋಡೆಯ ಅದರ ಬೀಜಕಣಗಳು ಬಾಳೆ ಕಿತ್ತ ದಶಕಗಳ ನಂತರವೂ ಮೊಳೆಯಬಲ್ಲವು.

ಆ ರೋಗಿಷ್ಠ ತಾಕುಗಳಿಂದ ಬಂದದ್ದು ಏನೂ ಕಡಿಮೆಯಲ್ಲ. ಅಲ್ಲಿ ಗೆದ್ದು ನಿಂತ ಐಸಿಪಿ 8863 ಎಂಬ ಸಾಲು 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು. ನೆಟೆಗೆ ಬಗ್ಗದ ಮಾರುತಿ ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ತುತ್ತಾಗುತ್ತದೆ. ನುಸಿ ಹರಡುವ ಆ ವೈರಸ್ ಬಂದಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಹೋಲಿಕೆಗೆ ಬಿತ್ತುವುದೇ ಈ ತಳಿಯನ್ನು. ಬೀಜಕ್ಕೆ ಟ್ರೈಕೊಡರ್ಮಾ ಎಂಬ ಇನ್ನೊಂದು ಶಿಲೀಂಧ್ರವನ್ನು ಲೇಪಿಸಿ ಬಿತ್ತುವುದು ಈಗ ಕೃಷಿ ಕೇಂದ್ರಗಳ ಸಾಮಾನ್ಯ ಶಿಫಾರಸು. ಬೇರಿನ ಸುತ್ತ ಮೊದಲೇ ಜಾಗ ಹಿಡಿದು ಫ್ಯುಸೇರಿಯಂಗೆ ಅದು ಅಡ್ಡಿಮಾಡುತ್ತದೆ. ಕೊಟ್ಟಿಗೆ ಗೊಬ್ಬರವಿಲ್ಲದ ಬರಡು ನೆಲದಲ್ಲಿ ಅದೂ ಹೆಚ್ಚು ದಿನ ಬಾಳುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯ ಜೋಳ. ತೊಗರಿಯ ಸಾಲುಗಳ ನಡುವೆ ಜೋಳ ಬಿತ್ತಿದಾಗ, ಅಥವಾ ಒಂದು ವರ್ಷ ತೊಗರಿ ಬಿಟ್ಟು ಜೋಳ ಹಾಕಿದಾಗ ನೆಟೆ ಗಣನೀಯವಾಗಿ ತಗ್ಗಿದ್ದನ್ನು ಇಕ್ರಿಸ್ಯಾಟ್ ಪ್ರಯೋಗಗಳೇ ತೋರಿಸಿವೆ. ಜೋಳದ ಬೇರು ಒಸರುವ ಸಯನೈಡ್ ಅಂಶವೇ ಕಾರಣ ಎನ್ನುವವರಿದ್ದಾರೆ. ಬೀಜಕಣಗಳನ್ನು ಎಬ್ಬಿಸಿ ಉಣ್ಣಲು ಕೊಡದೆ ಕಳಿಸುವುದೇ ಸಾಕು ಎಂಬ ವಾದವೂ ಇದೆ.

ಆದರೂ ರೈತ ಜೋಳಕ್ಕೆ ಮರಳಲು ಹಿಂದೆಮುಂದೆ ನೋಡುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ಮುಂಗಾರಿ ಜೋಳ ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬಂದು ಕಪ್ಪಾಗುತ್ತದೆ, ಪೇಟೆಯಲ್ಲಿ ಕೇಳುವವರಿಲ್ಲ. ಆ ಬೂಷ್ಟು ತರುವ ಶಿಲೀಂಧ್ರಗಳಲ್ಲೂ ಫ್ಯುಸೇರಿಯಂ ಕುಲದವು ಇವೆ. ಹಾಗಾಗಿ ತೊಗರಿಯ ಜೊತೆಗೆ ಸಾಲು ಹಿಡಿಸುವುದಾದರೆ ಜೋಳಕ್ಕಿಂತ ಮುಂಚೆಯೇ ಕೊಯ್ಲಿಗೆ ಬರುವ ಸಜ್ಜೆಯೋ ಹೆಸರೋ ವಾಸಿ. ಜೋಳವೇ ಬೇಕೆಂದರೆ ಒಂದು ವರ್ಷ ತೊಗರಿ ತಪ್ಪಿಸಿ, ಮುಂಗಾರಿನ ಹಸಿಯನ್ನು ಎರೆಯಲ್ಲಿ ಹಿಡಿದಿಟ್ಟು, ಹಿಂಗಾರಿಗೆ ಬಿಳಿಜೋಳ ಬಿತ್ತಬೇಕು.