ಯಾವ ಇಲಿ ಎಂದು ಕೇಳಿದ್ದೀರಾ?

‘ಇಲಿಗಳ ಮೇಲೆ ಸಾಬೀತಾಗಿದೆ, ಹೃದಯದ ಬ್ಲಾಕೇಜ್ ಕರಗುತ್ತದೆ’ ಎನ್ನುವ ಸಂದೇಶ ವಾಟ್ಸಾಪಿನಲ್ಲಿ ಹರಿದಾಡುತ್ತಲೇ ಇರುತ್ತದೆ. ಒಮ್ಮೆ ಬೆಳ್ಳುಳ್ಳಿ, ಇನ್ನೊಮ್ಮೆ ಯಾವುದೋ ಸೊಪ್ಪಿನ ಕಷಾಯ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನೇ ನಿಲ್ಲಿಸುವವರಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಮಾಮೂಲಿ ಇಲಿಗೆ ರಕ್ತನಾಳ ಕಟ್ಟುವ ಈ ಕಾಯಿಲೆ ಸಾಮಾನ್ಯವಾಗಿ ಬರುವುದೇ ಇಲ್ಲ. ಅದರ ಕೊಲೆಸ್ಟ್ರಾಲಿನ ಬಹುಪಾಲು ಇರುವುದು ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್‌ನಲ್ಲಿ, ನಮ್ಮದು ‘ಕೆಟ್ಟದ್ದು’ ಎನ್ನುವ ಎಲ್‌ಡಿಎಲ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಕೊಲೆಸ್ಟ್ರಾಲ್ ದಾಟಿಸುವ ಸಿಇಟಿಪಿ ಎಂಬ ಪ್ರೋಟೀನು ಇಲಿಯ ರಕ್ತದಲ್ಲಿಲ್ಲ. ಹಾಗಾಗಿ ವಿಜ್ಞಾನಿಗಳು ಇಲಿಯನ್ನೇ ಬದಲಿಸಬೇಕಾಯಿತು. 1992ರಲ್ಲಿ ನಾರ್ತ್ ಕೆರೊಲಿನಾದ ನೊಬುಯೊ ಮಯೇಡಾ ಅವರ ತಂಡ ಮತ್ತು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜಾನ್ ಬ್ರೆಸ್ಲೋ ಅವರ ತಂಡ, ಪ್ರತ್ಯೇಕವಾಗಿ, ಇಲಿಯ ಅಪೊ-ಇ ಜೀನನ್ನು ಕೆಲಸ ಮಾಡದಂತೆ ಮಾಡಿದವು. ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳನ್ನು ಯಕೃತ್ತು ಎಳೆದುಕೊಳ್ಳಲು ಬೇಕಾದ ಪ್ರೋಟೀನು ಅದು. ಅದಿಲ್ಲದ ಇಲಿಯ ಕೊಲೆಸ್ಟ್ರಾಲ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿತು. ಮಾಮೂಲಿ ಇಲಿಯಲ್ಲಿ ಅದು 100ರ ಒಳಗಿರುತ್ತದೆ. ಕೊಬ್ಬು ಕಡಿಮೆಯಿರುವ ಸಾದಾ ಆಹಾರ ತಿಂದೇ ಅದರ ಮಹಾಪಧಮನಿಯಲ್ಲಿ ಕೊಬ್ಬು ಕಟ್ಟಿತು.

ಆದರೆ ಈ ಇಲಿಯಲ್ಲಿ ಕಟ್ಟಿದ ಕೊಬ್ಬು ನಮ್ಮಲ್ಲಿಯಂತೆ ಒಡೆದು ಹೃದಯಾಘಾತ ತರುವುದು ಅಪರೂಪ. ಇನ್ನೂ ದೊಡ್ಡ ಮಾತೆಂದರೆ, ಲಕ್ಷಾಂತರ ಜೀವ ಉಳಿಸಿದ ಸ್ಟ್ಯಾಟಿನ್ ಮಾತ್ರೆ ಅಪೊ-ಇ ಇಲ್ಲದ ಇಲಿಯ ಕೊಲೆಸ್ಟ್ರಾಲನ್ನು ಸರಿಯಾಗಿ ಇಳಿಸುವುದೇ ಇಲ್ಲ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಕಂಡುಹಿಡಿದ ಮೊದಲ ಸ್ಟ್ಯಾಟಿನ್, ದೊಡ್ಡ ಇಲಿಗಳಾದ ರ‍್ಯಾಟ್‌ಗಳಲ್ಲಿ ಸೋತಿತ್ತು; ಕೋಳಿಗಳಲ್ಲಿ ಗೆದ್ದದ್ದರಿಂದ ಅದು ಉಳಿಯಿತು. ಇಲಿಯ ಫಲಿತಾಂಶವೇ ಕೊನೆಯ ತೀರ್ಪಾಗಿದ್ದರೆ ಆ ಔಷಧ ನಮಗೆ ಸಿಗುತ್ತಲೇ ಇರಲಿಲ್ಲ.

‘ಹಾಗಾದರೆ ಇಲಿ ಪ್ರಯೋಗವೆಲ್ಲ ಬೊಗಳೆ’ ಎನ್ನುವುದೂ ಸುಳ್ಳು. ಪಿಸಿಎಸ್‌ಕೆ9 ಜೀನ್ ತೆಗೆದ ಇಲಿಗಳ ಕೊಲೆಸ್ಟ್ರಾಲ್ ಇಳಿದದ್ದು 2005ರಲ್ಲಿ ಗೊತ್ತಾಯಿತು. ಆ ಜೀನ್ ಹುಟ್ಟಿನಿಂದಲೇ ಕುಂದಿದ ಮನುಷ್ಯರಲ್ಲಿ ಹೃದ್ರೋಗ ಕಡಿಮೆಯೆಂದು 2006ರಲ್ಲಿ ಕಂಡಿತು. 2015ರಲ್ಲಿ ಆ ಜೀನಿನ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಬಂತು. ನಡುವೆ ಸಾವಿರಾರು ಮನುಷ್ಯರ ಮೇಲಿನ ಪರೀಕ್ಷೆಗಳಿದ್ದವು, ಸಂದೇಶ ಹಂಚುವವರು ಬಿಟ್ಟುಬಿಡುವುದು ಆ ಭಾಗವನ್ನೇ.

ಸೋರೆಕಾಯಿ ಕೊಳ್ಳುವಾಗ ಉಗುರು ಒತ್ತಿ ನೋಡುವ ನಾವು, ಹೃದಯದ ವಿಷಯದಲ್ಲಿ ಯಾರು ಏನು ಹೇಳಿದರೂ ಒಪ್ಪುತ್ತೇವೆ. ಇನ್ನು ಮುಂದೆ ಅಂಥ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಇಲಿ, ಯಾವ ಜೀನ್, ಮನುಷ್ಯರ ಮೇಲೆ ಪರೀಕ್ಷೆ ನಡೆದಿದೆಯೇ? ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ವೈದ್ಯರನ್ನು ಕೇಳದೆ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ.